ಟ್ರೇಲ್ ಕ್ಯಾಮೆರಾ ಮತ್ತು ಹೆಜ್ಜೆ ಗುರುತು: ಜಿಂಕೆ, ಕಡವೆ ಬರುವ ಕಾಡಂಚಿನ ಜಮೀನಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗು, ಮಲೆನಾಡಿನ ತೋಟಗಳಲ್ಲೂ ಬಂಡೀಪುರ, ನಾಗರಹೊಳೆ ಸುತ್ತಿನ ಹೊಲಗಳಲ್ಲೂ ಈಗ ಟ್ರೇಲ್ ಕ್ಯಾಮೆರಾ, ಅಂದರೆ ಪ್ರಾಣಿ ಎದುರು ಹಾದಾಗ ತಾನಾಗಿ ಚಿತ್ರ ತೆಗೆಯುವ, ಮರಕ್ಕೆ ಕಟ್ಟುವ ಕ್ಯಾಮೆರಾ ಸಾಮಾನ್ಯವಾಗಿದೆ. ಅದನ್ನು ಕೊಳ್ಳುವವರು, ಕೊಂಡು ಬೇಸತ್ತವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಕ್ಯಾಮೆರಾ ಇದ್ದಮೇಲೆ ಹೆಜ್ಜೆ, ಹಿಕ್ಕೆ ಹುಡುಕಿಕೊಂಡು ಅಲೆಯುವುದು ಯಾಕೆ?

ಕ್ಯಾಮೆರಾವನ್ನು ಎಲ್ಲಿ ಕಟ್ಟಬೇಕೆಂದು ಕ್ಯಾಮೆರಾ ಹೇಳುವುದಿಲ್ಲ, ಅದಕ್ಕೆ. ಐದು ಎಕರೆ ಚೌಕದ ಜಮೀನಿಗೆ ಸುತ್ತಳತೆಯೇ ಸುಮಾರು 570 ಮೀಟರ್. ಸಾಮಾನ್ಯ ಟ್ರೇಲ್ ಕ್ಯಾಮೆರಾದ ಸೆನ್ಸರ್ ತಪ್ಪದೆ ಹಿಡಿಯುವುದು ಮುಂದಿನ ಹದಿನೈದು ಮೀಟರಿನ ಒಂದು ಬೀಸಣಿಗೆಯಷ್ಟು ಜಾಗವನ್ನು ಮಾತ್ರ. ಉಳಿದ ಬೇಲಿಯುದ್ದಕ್ಕೂ ಏನು ನುಗ್ಗಿದರೂ ಅದಕ್ಕೆ ಗೊತ್ತಾಗದು. ಒಂದು ವಾರ ಬೆಳಗ್ಗೆ ಬೇಲಿ ಸುತ್ತಿ, ಯಾವ ಕಿಂಡಿಯಲ್ಲಿ ಓಡಾಟವಿದೆ ಎಂದು ತಿಳಿದ ಮೇಲೆ ಕಟ್ಟಿದ ಒಂದು ಕ್ಯಾಮೆರಾ, ಅಂದಾಜಿನಲ್ಲಿ ಕಟ್ಟಿದ ನಾಲ್ಕಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಹೆಜ್ಜೆ ನೋಡಿ ಹೇಳಲಾಗದ್ದೂ ಇದೆ. ಬಂದದ್ದು ರಾತ್ರಿ ಒಂಬತ್ತಕ್ಕೋ ಬೆಳಗಿನ ನಾಲ್ಕಕ್ಕೋ, ಗುಂಪಿನಲ್ಲಿ ಮೂರಿದ್ದವೋ ಏಳೋ, ಜೊತೆಗೆ ಮರಿಯಿತ್ತೋ ಎಂಬುದಕ್ಕೆಲ್ಲ ಕ್ಯಾಮೆರಾವೇ ಬೇಕು. ಕಾವಲಿಗೆ ಯಾವ ಹೊತ್ತಿನಲ್ಲಿ ಏಳಬೇಕು ಎಂಬುದನ್ನು ಅದರಿಂದಲೇ ತಿಳಿಯಬೇಕು.

ಜಿಂಕೆ ಬೇಟೆಗೆ ಇದನ್ನು ಬಳಸಬಹುದೇ? ಅಮೆರಿಕದ ವಿಡಿಯೋಗಳಲ್ಲೆಲ್ಲ ತೋರಿಸುತ್ತಾರಲ್ಲ?

ಇಲ್ಲಿ ಬಳಸುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ, ಕಡವೆ, ಕಾಡುಕುರಿ (ಬೊಗಳುವ ಜಿಂಕೆ), ಬರಿಂಕ (ಮೌಸ್ ಡಿಯರ್) ಯಾವುದನ್ನು ಕೊಲ್ಲುವುದೂ ಅಪರಾಧ. ಉರುಳು ಹಾಕುವುದು, ವಿಷವಿಡುವುದು, ಆಮಿಷವಿಟ್ಟು ಹಿಡಿಯಲು ನೋಡುವುದು ಕೂಡ ಕಾಯ್ದೆಯ ಪ್ರಕಾರ ಬೇಟೆಯೇ. ಸ್ವಂತ ಜಮೀನು ಎಂಬುದು ಇದಕ್ಕೆ ವಿನಾಯಿತಿಯಲ್ಲ.

ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಯ ಬೇಟೆ ಪರವಾನಗಿ, ಋತು, ಮಿತಿಗಳ ಒಳಗೆ ಕಾನೂನುಬದ್ಧ. ಈ ಉಪಕರಣದ ಬೇರು ಇರುವುದೂ ಅಲ್ಲೇ. 1890ರ ದಶಕದಲ್ಲಿ ಮಿಷಿಗನ್‌ನಲ್ಲಿ ಜಾರ್ಜ್ ಶಿರಾಸ್ ಎಂಬ ಬೇಟೆಗಾರ ಬಂದೂಕು ಬಿಟ್ಟು, ಜಿಂಕೆಯ ಕಾಲಿಗೆ ತಂತಿ ತಾಗಿದರೆ ಫ್ಲ್ಯಾಶ್ ಉರಿಯುವ ಕ್ಯಾಮೆರಾ ಹೂಡಿದ. ಅದೇ ನಾಡಿನಲ್ಲಿ ಈಗ ಕ್ಯಾಮೆರಾ ಅತಿಯಾಯಿತೆಂಬ ತಕರಾರೂ ಇದೆ. ಅರಿಜೋನಾ ರಾಜ್ಯ 2022ರ ಜನವರಿಯಿಂದ ಬೇಟೆಯ ನೆರವಿಗೆ ಟ್ರೇಲ್ ಕ್ಯಾಮೆರಾ ಬಳಸುವುದನ್ನೇ ನಿಷೇಧಿಸಿತು; ಒಣನಾಡಿನ ಒಂದೊಂದು ನೀರಿನ ಹೊಂಡದ ಸುತ್ತ ಹತ್ತಾರು ಕ್ಯಾಮೆರಾ ಕಟ್ಟುತ್ತಿದ್ದುದು ಮುಖ್ಯ ಕಾರಣಗಳಲ್ಲೊಂದು. ನೆವಾಡ, ಯೂಟಾಗಳಲ್ಲೂ ಬೇಟೆಯ ತಿಂಗಳುಗಳಲ್ಲಿ ನಿರ್ಬಂಧಗಳಿವೆ. ಅಲ್ಲಿನ ವಿಡಿಯೋಗಳಿಂದ ಕ್ಯಾಮೆರಾ ಕಟ್ಟುವ ಕ್ರಮ ಕಲಿಯಬಹುದು. ಉಪ್ಪು, ಜೋಳ ಸುರಿದು ಪ್ರಾಣಿಯನ್ನು ಕರೆಯುವ ಭಾಗವನ್ನು ಅಲ್ಲೇ ಬಿಟ್ಟುಬಿಡಿ.

ಕಾಡಿನೊಳಗೆ ಕ್ಯಾಮೆರಾ ಕಟ್ಟಬಹುದೇ?

ಅನುಮತಿ ಇಲ್ಲದೆ ಕೂಡದು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಲ್ಲಿ ಕಾಲಿಡಲೂ ಅರಣ್ಯ ಇಲಾಖೆಯ ಪರವಾನಗಿ ಬೇಕು. ಅಧ್ಯಯನಕ್ಕಾಗಿ ಆದರೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ. ಮೀಸಲು ಅರಣ್ಯದಲ್ಲೂ ಹಾಗೇ ನುಗ್ಗುವಂತಿಲ್ಲ. ನಿಮ್ಮ ಹೊಲ, ತೋಟದ ಒಳಗೆ ಕಟ್ಟಿಕೊಳ್ಳಿ, ಮುಖ ನಿಮ್ಮ ಜಮೀನಿನ ಕಡೆಗಿರಲಿ.

ಮೊದಲು ಏನು ನೋಡಬೇಕು?

ಬೇಲಿ. ಜಮೀನಿನಲ್ಲಿ ಅದರಷ್ಟು ಸುಲಭವಾಗಿ ಓದಲು ಸಿಗುವ ಪುಟ ಬೇರೆ ಇಲ್ಲ. ಮುಳ್ಳುತಂತಿಯ ಕೆಳಗಿನ ಎಳೆಗೆ ಗಿಡ್ಡನೆಯ ಕೆಂಗಂದು ಕೂದಲು ಸಿಕ್ಕಿದ್ದರೆ ಚುಕ್ಕೆ ಜಿಂಕೆ ನುಸುಳಿದೆ. ಅದೇ ಎಳೆಗೆ ಒಣಗಿದ ಕೆಸರು ಮೆತ್ತಿ, ದಪ್ಪ ಕಪ್ಪು ಬಿರುಗೂದಲು ನಿಂತಿದ್ದರೆ ಹಂದಿ. ಕೂದಲಿನ ತುದಿಯನ್ನು ಬೆಳಕಿಗೆ ಹಿಡಿದರೆ ಎರಡು ಮೂರಾಗಿ ಸೀಳಿರುವುದು ಕಾಣುತ್ತದೆ. ಮೇಲಿನ ತಂತಿ ಜೋತು, ಒಳಬದಿಯ ಮಣ್ಣಿನಲ್ಲಿ ಗೊರಸು ಆಳಕ್ಕಿಳಿದು ಎರಡು ಹೋಳಾಗಿ ಅಗಲಿದ್ದರೆ ಕಡವೆ ಹಾರಿ ಇಳಿದ ಜಾಗ.

ಆಮೇಲೆ ಮೇಯ್ದ ಗುರುತು. ಜಿಂಕೆ ಜಾತಿಗೆ ಮೇಲ್ದವಡೆಯಲ್ಲಿ ಬಾಚಿಹಲ್ಲು ಇಲ್ಲ, ಹಾಗಾಗಿ ಚಿಗುರನ್ನು ಕತ್ತರಿಸದೆ ಹರಿಯುತ್ತದೆ. ಕಡ್ಡಿಯ ತುದಿಯಲ್ಲಿ ನಾರು ಉಳಿಯುತ್ತದೆ. ಮೊಲ ಕಡಿದದ್ದು ಕತ್ತಿಯಲ್ಲಿ ಓರೆಯಾಗಿ ಹೊಡೆದಂತಿರುತ್ತದೆ. ಅವರೆ, ಹುರುಳಿ ಹೊಲದಲ್ಲಿ ಈ ಒಂದು ವ್ಯತ್ಯಾಸ ತಿಳಿಯದೆ ಮೊಲದ ಹಾವಳಿಗೆ ಜಿಂಕೆ ಬೇಲಿ ಹಾಕಿಸಿ ದುಡ್ಡು ಕಳೆದುಕೊಳ್ಳುವುದುಂಟು. ದನ, ಮೇಕೆಗೂ ಮೇಲ್ಬಾಚಿಹಲ್ಲು ಇಲ್ಲವೆಂಬುದು ನೆನಪಿರಲಿ. ಊರಿನ ಜಾನುವಾರು ಬಿಡುವ ಕಡೆ ಈ ಗುರುತೊಂದನ್ನೇ ನಂಬಬಾರದು. ನೆಲವನ್ನು ಮಗುಚಿ ಹಾಕಿದ್ದರೆ ಹೆಚ್ಚಾಗಿ ಹಂದಿಯೇ.

ತೋಟದೊಳಗೆ ಮರ ನೋಡಿ. ಕಡವೆ ಗಂಡು ಕೊಂಬಿನ ಮೆದು ತೊಗಲು ಉದುರಿಸಲು ಎಳೆಮರಕ್ಕೆ ಉಜ್ಜಿ ತೊಗಟೆ ಕಿತ್ತಿರುತ್ತದೆ. ಬೆಟ್ಟದ ನೆಲ್ಲಿ, ತಾರೆ ಉದುರುವ ಕಾಲದಲ್ಲಿ ಆ ಮರದಡಿ ಮೊದಲು ಹೋಗಿ ಬನ್ನಿ. ಮುಸಿಯ (ಲಂಗೂರ್) ಮೇಲಿಂದ ಚೆಲ್ಲುವ ಎಲೆ, ಕಾಯಿಗೆ ಚುಕ್ಕೆ ಜಿಂಕೆ ಕೆಳಗೆ ಕಾದಿರುತ್ತದೆ.

ಗೊರಸಿನ ಗುರುತಿನಲ್ಲಿ ಯಾವುದು ಯಾವುದು?

ಅಳತೆಯಿಂದ ಶುರು ಮಾಡಿ. ಗಟ್ಟಿ ತೇವದ ಮಣ್ಣಿನಲ್ಲಿ ಬರಿಂಕದ ಗೊರಸು ಉಗುರಿನಷ್ಟು, ಎರಡು ಸೆಂ.ಮೀ. ದಾಟದು. ಕಾಡುಕುರಿಯದು ಸುಮಾರು 3, ಚುಕ್ಕೆ ಜಿಂಕೆಯದು 4.5ರಿಂದ 6, ದೊಡ್ಡ ಕಡವೆಯದು 7–8 ಸೆಂ.ಮೀ. ಉದ್ದ. ಮೊನಚು ತುದಿ ಯಾವ ಕಡೆಗಿದೆಯೋ ಪ್ರಾಣಿ ಹೋದದ್ದು ಆ ಕಡೆಗೆ.

ತಪ್ಪಾಗುವುದು ಮೂರು ಕಡೆ. ಮೇಕೆಯ ಹೆಜ್ಜೆಯ ತುದಿ ಮೊಂಡು, ಎರಡು ಹೋಳುಗಳ ನಡುವೆ ಸಂದು ಎದ್ದು ಕಾಣುತ್ತದೆ. ಜಿಂಕೆಯದು ಚೂಪಾಗಿ ಹೃದಯದ ಆಕಾರದಲ್ಲಿ ಕೂಡಿಕೊಂಡಿರುತ್ತದೆ. ಹಂದಿಯ ಗೊರಸಿನ ಹಿಂದೆ ಎರಡೂ ಪಕ್ಕಕ್ಕೆ ಚಿಕ್ಕ ಮರಿಗೊರಸಿನ ಚುಕ್ಕೆಗಳು ಸಾಮಾನ್ಯ ಮಣ್ಣಿನಲ್ಲೂ ಬೀಳುತ್ತವೆ. ಜಿಂಕೆಗೆ ಅವು ಬೀಳುವುದು ಕೆಸರಿನಲ್ಲಿ ಅಥವಾ ಓಡಿದಾಗ ಮಾತ್ರ. ಮೂರನೆಯದು ಕೆಸರೇ: ಮೆತ್ತನೆಯ ಕೆಸರಿನಲ್ಲಿ ಗೊರಸು ಅಗಲಿ, ಚುಕ್ಕೆ ಜಿಂಕೆಯೂ ಕಡವೆಯಷ್ಟಾಗಿ ಕಾಣುತ್ತದೆ. ಅಳತೆಯನ್ನು ಯಾವಾಗಲೂ ಗಟ್ಟಿ ನೆಲದ ಹೆಜ್ಜೆಯಿಂದ ತೆಗೆದುಕೊಳ್ಳಿ.

ಹಿಕ್ಕೆಯನ್ನೂ ನೋಡಿ. ಜಿಂಕೆಯ ಹಿಕ್ಕೆಗೆ ಹೆಚ್ಚಾಗಿ ಒಂದು ತುದಿ ಮೊನಚು, ಇನ್ನೊಂದು ತುದಿ ಗುಳಿ. ಕಡವೆಯದು ಅದೇ ಆಕಾರದಲ್ಲಿ ದಪ್ಪ. ಮೊಲದ್ದು ಚಪ್ಪಟೆ ಗುಂಡು, ಒಡೆದರೆ ಬರೀ ಹುಲ್ಲಿನ ಪುಡಿ.

ಗುರುತು ಹೊಸದೋ ಹಳೆಯದೋ ಹೇಗೆ ಹೇಳುವುದು?

ಅಂಚು ನೋಡಿ. ಹೊಸ ಹೆಜ್ಜೆಯ ಅಂಚು ಚೂಪು, ಒಳಗಿನ ಮಣ್ಣು ಸುತ್ತಲಿನದಕ್ಕಿಂತ ಗಾಢ. ಬಿಸಿಲೇರಿದಂತೆ ಅಂಚು ಉದುರಿ ಗುಳಿಗೆ ಬೀಳುತ್ತದೆ. ಹೆಜ್ಜೆಯೊಳಗೆ ಇಬ್ಬನಿಯ ಹನಿ ಬಿದ್ದ ಗುಳಿಗಳಿದ್ದರೆ ಪ್ರಾಣಿ ಬೆಳಗಿಗಿಂತ ಮೊದಲೇ ದಾಟಿದೆ. ಇಬ್ಬನಿಯ ಗುಳಿಗಳ ಮೇಲೆ ಹೆಜ್ಜೆ ಬಿದ್ದಿದ್ದರೆ ಈಗಷ್ಟೇ. ಹಿಕ್ಕೆ ಮೊದಲ ದಿನ ಹೊಳೆಯುತ್ತದೆ, ಬಿಸಿಲಿಗೆ ಎರಡು ದಿನದಲ್ಲಿ ಮಂಕಾಗುತ್ತದೆ. ಮಳೆಗಾಲದಲ್ಲಿ ಈ ಲೆಕ್ಕ ನಡೆಯದು. ಹಿಕ್ಕೆ ಕರಗಿಯೇ ಹೋಗುತ್ತದೆ.

ಅಂದಾಜೇ ಬೇಡವೆಂದರೆ ಕಿಂಡಿಯ ಒಳಬದಿಯಲ್ಲಿ ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲಕ್ಕೆ ಜರಡಿ ಹಿಡಿದ ಮಣ್ಣನ್ನು ಎರಡು ಬೆರಳು ದಪ್ಪ ಹರಡಿ, ಸಂಜೆ ಹಲಗೆಯಲ್ಲಿ ಸವರಿ ಬಿಡಿ. ಬೆಳಗ್ಗೆ ಅಲ್ಲಿರುವುದೆಲ್ಲ ನಿನ್ನೆ ರಾತ್ರಿಯದು. ಖರ್ಚಿಲ್ಲದ ಈ ಮಣ್ಣುಪಟ್ಟಿ ಅಗ್ಗದ ಕ್ಯಾಮೆರಾಕ್ಕಿಂತ ಎಷ್ಟೋ ಸಲ ಮೇಲು.

ಎಂಥ ಕ್ಯಾಮೆರಾ ತೆಗೆದುಕೊಳ್ಳಬೇಕು?

ಮೆಗಾಪಿಕ್ಸೆಲ್ ಸಂಖ್ಯೆಗೆ ಮರುಳಾಗಬೇಡಿ. ಡಬ್ಬದ ಮೇಲೆ ಬರೆದ ದೊಡ್ಡ ಸಂಖ್ಯೆ ಹೆಚ್ಚಿನಂಶ ಚಿತ್ರವನ್ನು ಹಿಗ್ಗಿಸಿ ಬಂದದ್ದು. ನೋಡಬೇಕಾದದ್ದು ಪ್ರಾಣಿ ಕಂಡ ಮೇಲೆ ಕ್ಲಿಕ್ ಆಗಲು ಹಿಡಿಯುವ ಹೊತ್ತನ್ನು. ಅರ್ಧ ಸೆಕೆಂಡಿನೊಳಗಿದ್ದರೆ ಜಾಡಿಗೆ ಸಾಕು. ಒಂದು ಸೆಕೆಂಡ್ ದಾಟಿದರೆ ಬಾಲದ ಚಿತ್ರಗಳೇ ಸಿಗುತ್ತವೆ. ಅಂಥದ್ದನ್ನು ನೀರಿನ ಗುಂಡಿ, ಹಣ್ಣಿನ ಮರದಂತೆ ಪ್ರಾಣಿ ನಿಲ್ಲುವ ಜಾಗಕ್ಕೆ ಇಟ್ಟುಕೊಳ್ಳಿ.

ಎರಡನೆಯದು ರಾತ್ರಿಯ ಬೆಳಕು. 850 ನ್ಯಾನೋಮೀಟರಿನ ಇನ್‌ಫ್ರಾರೆಡ್ ದೂರ ಹೋಗುತ್ತದೆ, ಆದರೆ ಮಂದ ಕೆಂಪು ಹೊಳಪು ಕಾಣುತ್ತದೆ. 940ರದ್ದು ಕಣ್ಣಿಗೆ ಕಾಣದು, ಬೆಳಕೂ ಕಡಿಮೆ. ಕಳ್ಳರ ಭಯವಿರುವ ಕಡೆ 940 ಇರಲಿ.

ಕಾರ್ಡ್ 32 ಜಿಬಿ ಸಾಕು, ನಂಬಿಕಸ್ತ ಅಂಗಡಿಯದ್ದಾಗಿರಲಿ, ಫಾರ್ಮ್ಯಾಟ್ ಮಾಡುವುದು ಕ್ಯಾಮೆರಾದಲ್ಲೇ.

ವಿದೇಶದಲ್ಲಿರುವ ನೆಂಟರು ಸಿಮ್ ಹಾಕುವ ಕ್ಯಾಮೆರಾ ತಂದುಕೊಡುತ್ತೇವೆ ಎನ್ನುತ್ತಾರೆ.

ಬೇಡವೆನ್ನಿ. ಅಮೆರಿಕದಲ್ಲಿ ಮಾರುವ ಸಿಮ್ ಮಾದರಿಗಳು ಬಹುಪಾಲು ಅಲ್ಲಿನ ಕಂಪನಿಗಳ ಜಾಲಕ್ಕೇ ಕಟ್ಟುಬಿದ್ದಿರುತ್ತವೆ. ಸಿಮ್ ಇಲ್ಲದ ಸಾದಾ ಮಾದರಿಯನ್ನು ತಂದುಕೊಟ್ಟರೆ ಇಲ್ಲೂ ಓಡುತ್ತದೆ.

ಕಟ್ಟುವ ಕ್ರಮ ಏನು?

ಎತ್ತರವನ್ನು ಪ್ರಾಣಿಯ ಎದೆಗೆ ಹೊಂದಿಸಿ. ಚುಕ್ಕೆ ಜಿಂಕೆಗೆ 60–70 ಸೆಂ.ಮೀ., ಕಡವೆಗೆ 90, ಕಾಡುಕುರಿ ಮತ್ತು ಚಿರತೆಗೆ 40–45, ಬರಿಂಕಕ್ಕೆ 25. ಏನು ಬರುತ್ತಿದೆ ಎಂದೇ ಗೊತ್ತಿಲ್ಲದಿದ್ದರೆ 45ಕ್ಕೆ ಕಟ್ಟಿ. ಎತ್ತರದ ಪ್ರಾಣಿಯ ಕಾಲು, ಹೊಟ್ಟೆಯಾದರೂ ಸೆನ್ಸರಿಗೆ ಸಿಗುತ್ತದೆ, ಮೇಲೆ ಕಟ್ಟಿದರೆ ಕುಳ್ಳನೆಯದು ಕೆಳಗೇ ದಾಟಿಹೋಗುತ್ತದೆ.

ಜಾಡಿನಿಂದ ಮೂರರಿಂದ ಐದು ಮೀಟರ್ ದೂರ. ಸೆನ್ಸರ್ ಹಿಡಿಯುವುದು ಬಿಸಿಯಾದ ಮೈ ತನ್ನೆದುರು ಅಡ್ಡ ಚಲಿಸುವುದನ್ನು. ನೇರ ಎದುರಿಗೆ ನಡೆದುಬರುವ ಪ್ರಾಣಿಯನ್ನು ಅದು ತಡವಾಗಿ ಗುರುತಿಸುತ್ತದೆ, ಪೂರ್ತಿ ಅಡ್ಡ ಕಟ್ಟಿದರೆ ಪ್ರಾಣಿ ಚೌಕಟ್ಟನ್ನು ಬೇಗ ದಾಟಿಬಿಡುತ್ತದೆ. ಹೀಗಾಗಿ ಜಾಡಿಗೆ 45 ಡಿಗ್ರಿ ಓರೆ ಒಳ್ಳೆಯದು. ಮುಖ ಉತ್ತರಕ್ಕಿರಲಿ, ಪೂರ್ವ, ಪಶ್ಚಿಮಕ್ಕೆ ತಿರುಗಿಸಿದರೆ ಹೊತ್ತು ಹುಟ್ಟುವಾಗ, ಮುಳುಗುವಾಗ ಬರೀ ಬಿಳಿ ಚಿತ್ರ. ಜಿಂಕೆ ಓಡಾಡುವುದೂ ಅದೇ ಹೊತ್ತಿಗೆ.

ಕಟ್ಟುವ ಮರ ಗಾಳಿಗೆ ಆಡಬಾರದು: ತೊಡೆ ದಪ್ಪದ ಸಿಲ್ವರ್ ಓಕ್ ಆದೀತು, ಕಾಫಿ ಗಿಡ ಆಗದು. ಎದುರಿನ ಹುಲ್ಲು, ಜೋತಾಡುವ ಎಲೆ ಸವರಿ. ಕೊನೆಗೆ ಪರೀಕ್ಷಾ ಮೋಡ್‌ನಲ್ಲಿಟ್ಟು, ಪ್ರಾಣಿ ಬರುವ ಎರಡೂ ದಿಕ್ಕಿನಿಂದ ಮಂಡಿಯೂರಿ ದಾಟಿ. ದೀಪ ಮಿನುಗಿದರೆ ಸರಿ. ನೆಟ್ಟಗೆ ನಡೆದು ಪರೀಕ್ಷಿಸಿದರೆ ನಿಮ್ಮ ಎತ್ತರಕ್ಕೆ ಹೊಂದುತ್ತದೆ, ಕಾಡುಕುರಿಗಲ್ಲ. ಆನ್ ಮಾಡಿದ್ದೇನೆಂದು ನಂಬಿ ಹೊರಡುವ ಮೊದಲು ಸ್ವಿಚ್ಚನ್ನು ಇನ್ನೊಮ್ಮೆ ನೋಡಿ.

ಹೊಸ ಹೆಜ್ಜೆ ಇದೆ, ಕಾರ್ಡ್‌ನಲ್ಲಿ ಒಂದೂ ಚಿತ್ರವಿಲ್ಲ. ಯಾಕೆ?

ಬೇಸಿಗೆ ಹಗಲಾದರೆ ಮೊದಲ ಅನುಮಾನ ಬಿಸಿಲಿನದು. ಸುತ್ತಲಿನ ಗಾಳಿ, ನೆಲ ಪ್ರಾಣಿಯ ಮೈಯಷ್ಟೇ ಕಾದಿದ್ದರೆ ಸೆನ್ಸರಿಗೆ ವ್ಯತ್ಯಾಸವೇ ತೋರದು. ಏಪ್ರಿಲ್‌ನ ಮಧ್ಯಾಹ್ನ ಬಂಡೀಪುರದ ಸೀಮೆಯಲ್ಲಿ ಇದು ಮಾಮೂಲು. ಸೂಕ್ಷ್ಮತೆಯನ್ನು ಹೆಚ್ಚಿಗೆ ಇಡಿ, ನೆರಳಿನ ಜಾಡಿಗೆ ಬದಲಿಸಿ. ರಾತ್ರಿಯ ಹೆಜ್ಜೆಯೂ ತಪ್ಪಿದ್ದರೆ ಎತ್ತರ, ಕೋನ ಅಥವಾ ಎರಡು ಚಿತ್ರಗಳ ನಡುವಿನ ಬಿಡುವು ತಪ್ಪಿದೆ. ಬಿಡುವು ಐದು ನಿಮಿಷಕ್ಕಿದ್ದರೆ ಮುಂದಿನ ಹೆಣ್ಣು ಜಿಂಕೆ ಸಿಕ್ಕಿ, ಹಿಂದಿನ ಗುಂಪಿಡೀ ತಪ್ಪುತ್ತದೆ. ಜಾಡಿಗೆ 10 ಸೆಕೆಂಡ್ ಬಿಡುವು, ಒಂದು ಸಲಕ್ಕೆ ಮೂರು ಚಿತ್ರ ಇಡಿ.

ಮೂರು ಸಾವಿರ ಚಿತ್ರ, ಎಲ್ಲ ಖಾಲಿ!

ಬಿಸಿಲು ಬಿದ್ದು ಕಾದ ಎಲೆ ಗಾಳಿಗೆ ಆಡಿದೆ. ಸಮಯ ನೋಡಿ: ಖಾಲಿ ಚಿತ್ರಗಳೆಲ್ಲ ಹನ್ನೊಂದರಿಂದ ಮೂರರೊಳಗಿದ್ದರೆ ಇದೇ ಕಾರಣ. ಹುಲ್ಲು ಸವರಿ, ಸೂಕ್ಷ್ಮತೆ ಒಂದು ಮೆಟ್ಟಿಲು ಇಳಿಸಿ.

ಹಗಲು ಚಿತ್ರ ಚೆನ್ನ, ರಾತ್ರಿಯದು ಕಪ್ಪು.

ಸೆಲ್ ಸೋತಿದೆ. ರಾತ್ರಿ ದೀಪಗಳು ಒಮ್ಮೆಲೇ ಹೆಚ್ಚು ವಿದ್ಯುತ್ ಎಳೆಯುವಾಗ ಸಾದಾ ಆಲ್ಕಲೈನ್ ಸೆಲ್‌ನ ವೋಲ್ಟೇಜ್ ಕುಸಿಯುತ್ತದೆ. ಲಿಥಿಯಂ ಸೆಲ್ ದುಬಾರಿ, ಆದರೆ ಕೊನೆಯವರೆಗೂ ವೋಲ್ಟೇಜ್ ಹಿಡಿದಿಡುತ್ತದೆ. ಮರುಚಾರ್ಜ್ ಆಗುವ ನಿಕಲ್ ಸೆಲ್ 1.2 ವೋಲ್ಟಿನದು, ಅದನ್ನು ಒಪ್ಪುವ ಮಾದರಿಯೇ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ. ಹಳೆಯದು ಹೊಸದು ಬೆರೆಸಬೇಡಿ, ಎಂಟಿದ್ದರೆ ಎಂಟನ್ನೂ ಒಟ್ಟಿಗೆ ಬದಲಿಸಿ. ಬದಲಿಸಿದ ಮೇಲೆ ಗಡಿಯಾರ ಮತ್ತೆ ಮೊದಲಿಗೆ ಹೋಗಿರಬಹುದು. ಕ್ಯಾಮೆರಾ ಆನ್ ಮಾಡಿ, ನಿಮ್ಮ ಮೊಬೈಲಿನ ಗಡಿಯಾರವನ್ನೇ ಅದರ ಮುಂದೆ ಹಿಡಿದು ಮೊದಲ ಚಿತ್ರ ತೆಗೆಸಿದರೆ ಆಮೇಲೆ ಸಮಯದ ಜಗಳವಿರುವುದಿಲ್ಲ.

ಚಿತ್ರ ಎಣಿಸಿ ಎಷ್ಟು ಜಿಂಕೆ ಇವೆ ಎಂದು ಹೇಳಬಹುದೇ?

ಹೇಳಲಾಗದು. ಅದೇ ನಾಲ್ಕು ಜಿಂಕೆ ದಿನಾ ಬಂದರೂ ತಿಂಗಳಿಗೆ ನೂರಿಪ್ಪತ್ತಾಗುತ್ತದೆ. ಅರ್ಧ ಗಂಟೆಯೊಳಗಿನ ಚಿತ್ರಗಳನ್ನೆಲ್ಲ ಒಂದೇ ಭೇಟಿ ಎಂದು ಬರೆದುಕೊಂಡರೆ ಓಡಾಟ ಹೆಚ್ಚಿತೋ ತಗ್ಗಿತೋ ತಿಳಿಯುತ್ತದೆ, ಸಂಖ್ಯೆಯಲ್ಲ.

ಹುಲಿಯ ಎಣಿಕೆಯಲ್ಲಿ ಕ್ಯಾಮೆರಾ ಗೆದ್ದದ್ದು ಪಟ್ಟೆಯಿಂದ. ಪ್ರತಿ ಹುಲಿಯ ಪಟ್ಟೆ ಬೇರೆ, ಎರಡು ಮಗ್ಗುಲೂ ಬೇರೆ; ಅದಕ್ಕೇ ಜಾಡಿನ ಎರಡೂ ಬದಿಗೆ ಜೋಡಿ ಕ್ಯಾಮೆರಾ. 1966ರಲ್ಲಿ ಒಡಿಶಾದ ಅರಣ್ಯಾಧಿಕಾರಿ ಎಸ್.ಆರ್. ಚೌಧರಿ ರೂಪಿಸಿದ ಕ್ರಮದಲ್ಲಿ ಹಿಂಗಾಲಿನ ಹೆಜ್ಜೆಯನ್ನು ಗಾಜಿನ ಮೇಲೆ ಬರೆದುಕೊಂಡು ಹುಲಿ ಎಣಿಸುತ್ತಿದ್ದರು. ಒಂದೇ ಹುಲಿಯ ಹೆಜ್ಜೆ ಧೂಳಿನಲ್ಲೊಂದು, ಕೆಸರಿನಲ್ಲೊಂದು ಅಳತೆಗೆ ಬೀಳುವುದರಿಂದ ಲೆಕ್ಕ ಕೆಡುತ್ತಿತ್ತು. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕ್ಯಾಮೆರಾ ಚಿತ್ರಗಳಿಂದ ಹುಲಿಸಂಖ್ಯೆ ಅಂದಾಜಿಸುವ ಕ್ರಮವನ್ನು 1995ರಲ್ಲಿ ಪ್ರಕಟಿಸಿದರು. ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಯೇ ಉಳಿದಿಲ್ಲವೆಂದು 2005ರಲ್ಲಿ ಬಯಲಾದ ಮೇಲೆ ದೇಶವೂ ಹಳೆಯ ಕ್ರಮ ಬಿಟ್ಟಿತು. 2018ರ ಗಣತಿಯಲ್ಲಿ 26,838 ಜಾಗಗಳಲ್ಲಿ ಕ್ಯಾಮೆರಾ ಇಡಲಾಗಿತ್ತು. ಅಷ್ಟಾದರೂ ಮೊದಲ ಹಂತದಲ್ಲಿ ಗಸ್ತಿನವರು ಕಾಲ್ನಡಿಗೆಯಲ್ಲೇ ಹೆಜ್ಜೆ, ಮಲದ ಗುರುತು ಹುಡುಕುತ್ತಾರೆ. ಜಿಂಕೆ, ಕಡವೆಯನ್ನು ಎಣಿಸುವುದೂ ನೇರ ಗೆರೆಯಲ್ಲಿ ನಡೆದು, ಕಂಡ ಗುಂಪು, ದೂರ, ಕೋನ ಬರೆದುಕೊಂಡೇ. ಈ ಕೆಲಸದಲ್ಲಿ ಜೇನುಕುರುಬ, ಸೋಲಿಗ ಸಮುದಾಯಗಳ ವಾಚರ್‌ಗಳ ಕಣ್ಣಿಗೆ ಸಮನಾದ ಯಂತ್ರ ಇನ್ನೂ ಬಂದಿಲ್ಲ.

ಆನೆ, ಕೋತಿ, ಇರುವೆಗಳ ಕಾಟಕ್ಕೆ?

ಆನೆಗೆ ಹೊಸ ವಸ್ತು ಕಂಡರೆ ಸುಮ್ಮನಿರಲಾಗದು. ಆನೆದಾರಿಯಲ್ಲಿ ಕಟ್ಟಲೇಬೇಡಿ, ಕಟ್ಟುವುದಾದರೆ ತಗಡಿನ ಪೆಟ್ಟಿಗೆಯೊಳಗಿಟ್ಟು, ಜಾಡಿನಿಂದ ಹಿಂದಕ್ಕೆ, ಕಲ್ಲುಕಂಬಕ್ಕೆ ಬಿಗಿಯಿರಿ. ಕೋತಿ ಬೆಲ್ಟಿನ ಜೋತ ತುದಿ ಎಳೆಯುತ್ತದೆ, ತುದಿ ಕತ್ತರಿಸಿ. ಇರುವೆ ಬೆಚ್ಚಗಿನ ಸೆಲ್ ಖಾನೆಯಲ್ಲಿ ಮೊಟ್ಟೆಯಿಡುತ್ತದೆ: ರಬ್ಬರ್ ಅಂಚು ಒರೆಸಿ, ಬೆಲ್ಟಿನ ಮೇಲೆ ಎರಡು ಕಡೆ ಗ್ರೀಸ್ ಸವರಿ. ಗ್ರೀಸ್ ಲೆನ್ಸಿಗೆ ತಾಗದಿರಲಿ.

ಚಿರತೆ ಅಥವಾ ಉರುಳು ಹಿಡಿದ ಮನುಷ್ಯರು ಚಿತ್ರದಲ್ಲಿ ಸಿಕ್ಕರೆ?

ಚಿರತೆಯಾದರೆ ಗಾಬರಿ ಬೇಡ. ಜಿಂಕೆ, ಹಂದಿ ಇರುವ ಕಡೆ ಅದು ಓಡಾಡುವುದು ಸಹಜ. ತೋಟದ ಕೆಲಸಗಾರರ ಲೈನ್ ಮನೆಯವರಿಗೆ ತಿಳಿಸಿ, ನಾಯಿ, ಕುರಿಯನ್ನು ರಾತ್ರಿ ಒಳಗೆ ಕಟ್ಟಿಸಿ, ವಲಯ ಅರಣ್ಯ ಕಚೇರಿಗೆ ಅಥವಾ ಅರಣ್ಯ ಸಹಾಯವಾಣಿ 1926ಕ್ಕೆ ಹೇಳಿ. ಚಿತ್ರವನ್ನು ಜಾಗದ ಹೆಸರಿನೊಂದಿಗೆ ವಾಟ್ಸಾಪ್‌ಗೆ ಬಿಡಬೇಡಿ. ಅದನ್ನು ನೋಡುವವರಲ್ಲಿ ಉರುಳು ಹಾಕುವವನೂ ಇರುತ್ತಾನೆ.

ಉರುಳು ಇರುವುದು ಜಿಂಕೆಯ ಜಾಡಿನ ಮೇಲೆಯೇ, ನೀವು ಹುಡುಕುತ್ತಿರುವ ಅದೇ ಕಿಂಡಿಯಲ್ಲಿ. ಬೈಕಿನ ಕ್ಲಚ್ ಕೇಬಲ್ಲಿನ ಕುಣಿಕೆ, ಜಾಡಿನ ಎರಡೂ ಬದಿ ಕಡ್ಡಿ ಚುಚ್ಚಿ ಮಾಡಿದ ಗಿಡ್ಡ ಬೇಲಿ, ಕಾರಣವಿಲ್ಲದೆ ಬಾಗಿಸಿ ಕಟ್ಟಿದ ಕೊಂಬೆ ಕಂಡರೆ ಮುಟ್ಟದೆ ಚಿತ್ರ ತೆಗೆದು ಇಲಾಖೆಗೆ ತಿಳಿಸಿ. ಚಿರತೆಯೂ ಹುಲಿಯೂ ಜಿಂಕೆಗಿಟ್ಟ ಉರುಳಿಗೇ ಬೀಳುತ್ತವೆ.

ಕೆಲಸದವರ ಚಿತ್ರ ಬೀಳುತ್ತದಲ್ಲ?

ಬೀಳುತ್ತದೆ. ಹೆಂಗಸರು ಹೊಳೆಗೆ, ಬಯಲಿಗೆ ಹೋಗುವ ದಾರಿಗೆ ಕ್ಯಾಮೆರಾ ಕಟ್ಟಲೇಬಾರದು. ಎಲ್ಲಿ ಕಟ್ಟಿದ್ದೀರಿ ಎಂದು ಎಲ್ಲರಿಗೂ ಮೊದಲೇ ಹೇಳಿ, ಜನರ ಚಿತ್ರವನ್ನು ಅಂದೇ ಅಳಿಸಿ.

ಬೆಳೆ ಪರಿಹಾರಕ್ಕೆ ಈ ಚಿತ್ರ ಸಾಕೇ?

ಪೂರಕ ಸಾಕ್ಷ್ಯವಾಗುತ್ತದೆ, ಅಷ್ಟೇ. ಅರಣ್ಯ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಇ-ಪರಿಹಾರದ ಅರ್ಜಿಯ ಮೇಲೆ ಸಿಬ್ಬಂದಿ ಬಂದು ಸ್ಥಳ ನೋಡುತ್ತಾರೆ. ಅವರು ಬರುವವರೆಗೆ ಹೆಜ್ಜೆಯ ಮೇಲೆ ಬುಟ್ಟಿ ಕವುಚಿಡಿ. ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು, ಮೇಲಿನಿಂದ ನೇರ ಒಂದು, ಹೊಲ ಕಾಣುವಂತೆ ದೂರದಿಂದ ಒಂದು ಚಿತ್ರ ತೆಗೆಯಿರಿ. ಹೆಜ್ಜೆಗೆ ಬೆಳಕು ಓರೆಯಾಗಿ ಬೀಳುವ ಬೆಳಗಿನ ಹೊತ್ತೇ ಒಳ್ಳೆಯದು. ನಡುಹಗಲಿನಲ್ಲಿ ತೆಗೆದರೆ ಗುಳಿಯೇ ಕಾಣದು.

ಮಳೆಗಾಲದಲ್ಲಿ ಬಿಡಬಹುದೇ?

ಮಲೆನಾಡಿನ ಜೂನ್–ಆಗಸ್ಟ್‌ಗೆ ಬಿಚ್ಚಿ ಒಳಗಿಡುವುದೇ ಲೇಸು. ನೀರು ಒಳಹೋಗದಿದ್ದರೂ ಲೆನ್ಸಿನೊಳಗೆ ಮಂಜು ಕಟ್ಟಿ ಬೂಸ್ಟು ಹಿಡಿಯುತ್ತದೆ. ಬಿಡಲೇಬೇಕಾದರೆ ಸೆಲ್ ಖಾನೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣವಿಟ್ಟು ಹದಿನೈದು ದಿನಕ್ಕೊಮ್ಮೆ ಬದಲಿಸಿ, ಮೇಲೆ ಅಡಕೆ ಹಾಳೆಯ ಚಾವಣಿ ಕಟ್ಟಿ. ಒಳಗಿಡುವಾಗ ಸೆಲ್ ತೆಗೆದಿಡಿ. ಸೋರಿದ ಸೆಲ್ ತಿಂದ ಸ್ಪ್ರಿಂಗ್ ರಿಪೇರಿಯಾಗುವುದಿಲ್ಲ.